ಕುರಿಗಳ ಬಾಣಂತನ ನೋಡಿ ಬಂದೆ

ಇಂಗ್ಲೆಂಡಿಗೆ ಹೋಗಿ ಬಂದೆ ಅಂದ ಕೂಡಲೆ ನಮ್ಮ ಬೀದಿಯ ಹೆಂಗಸರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಲಂಡನ್ ಹೇಗಿದೆ? ಅರಮನೆ ನೋಡಿದಿರಾ?” ನೋಡಿದೆ, ಇಲ್ಲ ಅನ್ನೋಲ್ಲ. ಆದರೆ ಬೆಳಿಗ್ಗೆ ನೋಡಿದ್ದು ಸಂಜೆಗೆ ಅರ್ಧ ಮರೆತೇಹೋಗಿತ್ತು. ಇವತ್ತಿಗೂ ಮರೆಯದೆ ಇರೋದು ಬೇರೆ. ಅದೊಂದು ಕುರಿದೊಡ್ಡಿ! ನಗಬೇಡಿ. “ಚಳ್ಳಕೆರೆಯವಳು ಕುರಿ ನೋಡೋಕೆ ಅಷ್ಟು ದೂರ ಹೋಗಬೇಕಿತ್ತೇ?” ಅಂತ ನಮ್ಮ ಯಜಮಾನರೂ ನಕ್ಕರು. ನಮ್ಮೂರಲ್ಲಿ ಕುರಿಗೂ ಕಂಬಳಿಗೂ ಬರವೇ? ಆದರೂ ಅಲ್ಲಿ ಕಳೆದ ಐದು ದಿನದಲ್ಲಿ ನಾನು ಕಲಿತದ್ದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದರಲ್ಲೂ ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ, ಒಲೆ ಸ್ವಲ್ಪ ಸಣ್ಣಗೆ ಮಾಡಿ ಇಷ್ಟನ್ನು ಓದಿಬಿಡಿ.

ನಾನು ಹೋಗಿದ್ದು ಮಗಳ ಬಾಣಂತನಕ್ಕೆ. ಮಗಳು ಅಳಿಯ ಇರೋದು ಕೆಂಡಲ್ ಎಂಬ ಊರಿನಲ್ಲಿ. ಇಂಗ್ಲೆಂಡಿನ ವಾಯವ್ಯ ಮೂಲೆ, ಕಂಬ್ರಿಯಾ ಎಂಬ ಸೀಮೆ. ಸುತ್ತಲೂ ಬೆಟ್ಟ, ಬೆಟ್ಟಗಳ ನಡುವೆ ಉದ್ದುದ್ದ ಸರೋವರಗಳು. ಅದಕ್ಕೇ ‘ಲೇಕ್ ಡಿಸ್ಟ್ರಿಕ್ಟ್’ ಅಂತ ಹೆಸರು. 2017ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವಪರಂಪರೆಯ ತಾಣ ಅಂತ ಸಾರಿದರು. ಬರೀ ಬೆಟ್ಟ ಕೆರೆಗಳ ಚೆಂದಕ್ಕಲ್ಲ, ನೂರಾರು ವರ್ಷದಿಂದ ಅಲ್ಲಿ ನಡೆದು ಬಂದ ಕುರಿ ಸಾಕಣೆಯೂ ಅದಕ್ಕೆ ಒಂದು ಕಾರಣ.

ನಾನು ಏಪ್ರಿಲ್ ಮೊದಲಲ್ಲಿ ಹೋದೆ. ಹೆರಿಗೆಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಮಗಳಿಗೆ ಸಂತೆಯಲ್ಲಿ ಮೊಟ್ಟೆ ಮಾರುವ ಒಬ್ಬ ರೈತಾಪಿ ಹೆಂಗಸಿನ ಪರಿಚಯ. ನನ್ನ ವಯಸ್ಸಿನವರೇ. ನಮ್ಮೂರ ಕುರಿಯ ವಿಷಯ ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, “ನಮ್ಮಲ್ಲಿ ಈಗ ಕುರಿ ಈಯುವ ಕಾಲ. ಊಟ ಮಾಡೋಕೂ ಪುರುಸೊತ್ತಿಲ್ಲ. ಬನ್ನಿ, ಅಡಿಗೆಮನೆ ಸ್ವಲ್ಪ ನೋಡಿಕೊಳ್ಳಿ, ಮಿಕ್ಕ ಹೊತ್ತು ಕುರಿ ನೋಡಿ” ಅಂದರು. ನನಗೂ ಮನೆಯೊಳಗೆ ಕೂತು ಕೂತು ಬೇಜಾರಾಗಿತ್ತು. ಒಪ್ಪಿಕೊಂಡೆ.

ಮಗಳು ಮಾತ್ರ ಕಾರಿನಿಂದ ಇಳಿಯಲಿಲ್ಲ

ಕೆಂಡಲ್‌ನಿಂದ ಮುಕ್ಕಾಲು ಗಂಟೆ ದಾರಿ. ಕಾನಿಸ್ಟನ್ ಸರೋವರ ದಾಟಿದ ಮೇಲೆ ರಸ್ತೆ ನಮ್ಮ ಎತ್ತಿನ ಗಾಡಿ ಜಾಡಿನಷ್ಟಾಯಿತು. ಎರಡೂ ಕಡೆ ಕಲ್ಲಿನ ಗೋಡೆ. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು. ಅಳಿಯಂದಿರು ಕಾರು ನಿಲ್ಲಿಸಿದರು. ಮಗಳು ಇಳಿಯೋಕೆ ಹೊರಟಳು. ಅಷ್ಟರಲ್ಲಿ ಆ ಮನೆಯ ಯಜಮಾನಿ ಓಡಿಬಂದು ಎರಡೂ ಕೈ ಅಡ್ಡ ಮಾಡಿ, “ಬೇಡ, ಬೇಡ! ನೀನು ಅಲ್ಲೇ ಇರು ಮಗೂ” ಅಂದರು.

ನನಗೆ ಪಿಚ್ಚೆನಿಸಿತು. ಬಸುರಿ ಹೆಂಗಸನ್ನು ಹೊಸ್ತಿಲು ತುಳಿಸದೆ ಕಳಿಸುವುದೇ? ಆಮೇಲೆ ಯಜಮಾನಿ ಬಿಡಿಸಿ ಹೇಳಿದರು. ಈಯುವ ಕುರಿಯಲ್ಲಿ, ಅದರ ಮಾಸಿನಲ್ಲಿ, ಆಗ ತಾನೇ ಹುಟ್ಟಿದ ಮರಿಯ ಮೈಯಲ್ಲಿ ಕೆಲವು ರೋಗಾಣು ಇರಬಹುದಂತೆ. ಬಸುರಿಗೆ ತಗುಲಿದರೆ ಗರ್ಭಪಾತವೂ ಆದೀತು, ಹೊಟ್ಟೆಯ ಕೂಸಿಗೂ ಅಪಾಯ. ದೊಡ್ಡಿಗೆ ಹೋಗಿಬಂದವರ ಬಟ್ಟೆ, ಬೂಟು ಕೂಡ ಬಸುರಿಯರು ಮುಟ್ಟಬಾರದು ಅಂತ ಅಲ್ಲಿನ ವೈದ್ಯರು ಪ್ರತಿ ವರ್ಷ ಎಚ್ಚರಿಸುತ್ತಾರಂತೆ. ನನಗೆ ಅವರದೇ ಒಂದು ಹಳೆಯ ಮೇಲಂಗಿ, ರಬ್ಬರ್ ಬೂಟು ಕೊಟ್ಟರು. “ಹೊರಡುವಾಗ ಇವನ್ನು ಇಲ್ಲೇ ಬಿಟ್ಟು, ತಲೆಗೆ ಸ್ನಾನ ಮಾಡಿ, ಉಟ್ಟ ಬಟ್ಟೆ ಬಿಸಿನೀರಲ್ಲಿ ಒಗೆದು, ಆಮೇಲೇ ಮಗಳ ಹತ್ತಿರ ಹೋಗಬೇಕು” ಅಂದರು. ನಮ್ಮಜ್ಜಿಯ ಕಾಲದ ಮಡಿ ನೆನಪಾಯಿತು! ನಮ್ಮ ಹಳ್ಳಿ ಕಡೆ ಆಡು ಕುರಿ ಮನೆಯೊಳಗೇ ಈಯುತ್ತವಲ್ಲ, ಅಂಥ ಮನೆಯಲ್ಲಿ ಬಸುರಿಯರಿದ್ದರೆ ಈ ಮಾತು ನೆನಪಿಟ್ಟುಕೊಳ್ಳಿ. ಮರಿ ಹಾಕಿಸೋದು, ಮಾಸು ಬಳಿಯೋದು ಬೇರೆಯವರು ಮಾಡಲಿ.

ಬೆಳಗಿನ ಐದೂವರೆಗೆ

ಆ ಮನೆಯಲ್ಲಿ ಮುನ್ನೂರರ ಮೇಲೆ ಕುರಿ. ಜಾತಿಯ ಹೆಸರು ಹರ್ಡ್‌ವಿಕ್. ಬಲು ಚೆಂದ ಕಣ್ರೀ. ಮುಖ ಬೆಳ್ಳಗೆ, ಮೈ ಬೂದಿ ಬಣ್ಣ, ಕಾಲು ಗಟ್ಟಿಮುಟ್ಟು. ಹುಟ್ಟುವಾಗ ಮಾತ್ರ ಮರಿ ಇದ್ದಿಲಿನ ಹಾಗೆ ಕಪ್ಪು. ಒಂದು ವರ್ಷಕ್ಕೆ ಕಂದಾಗಿ, ವಯಸ್ಸಾದ ಹಾಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ತಲೆಗೂದಲ ಹಾಗೆ ಅನ್ನಿ! ಮಳೆ, ಹಿಮ, ಗಾಳಿ ಯಾವುದಕ್ಕೂ ಜಗ್ಗದ ಜೀವ.

ಲೆಕ್ಕವೆಲ್ಲ ಕರಾರುವಾಕ್ಕು. ಕುರಿಯ ಬಸಿರು ಸುಮಾರು 147 ದಿನ. ಚಳಿ ಕಳೆದು ಹುಲ್ಲು ಚಿಗುರುವ ಏಪ್ರಿಲ್‌ನಲ್ಲಿ ಮರಿ ಬೇಕೆಂದರೆ ನವೆಂಬರ್‌ನಲ್ಲಿ ಟಗರು ಬಿಡಬೇಕು. ಟಗರಿನ ಎದೆಗೆ ಬಣ್ಣ ಬಳಿದಿರುತ್ತಾರೆ. ಯಾವ ಕುರಿಯ ಬೆನ್ನಿಗೆ ಬಣ್ಣ ಹತ್ತಿತೋ ಅದು ಗಬ್ಬವಾಗಿರಬಹುದು ಅಂತ ಗುರುತು. ಚಳಿಗಾಲದ ಕೊನೆಯಲ್ಲಿ ನಮಗೆ ಮಾಡುವ ಹಾಗೇ ಸ್ಕ್ಯಾನಿಂಗ್! ಒಂದೋ, ಅವಳಿಯೋ ನೋಡಿ ಬೆನ್ನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆ ಇಡುತ್ತಾರೆ. ಅವಳಿ ಹೊತ್ತದ್ದಕ್ಕೆ ಮೇವು ಹೆಚ್ಚು.

ಬೆಳಿಗ್ಗೆ ಐದೂವರೆಗೆ ಯಜಮಾನಿ ಎದ್ದು, ಒಂದು ಲೋಟ ಟೀ ಕುಡಿದು, ನಾಲ್ಕು ಚಕ್ರದ ಬೈಕಿನ ಹಿಂದೆ ನಾಯಿ ಕೂರಿಸಿಕೊಂಡು ಹೊಲಕ್ಕೆ ಹೊರಟರೆ ನಾನೂ ಕಂಬಳಿ ಹೊದ್ದು ಹಿಂದೆ ಕೂರುತ್ತಿದ್ದೆ. ಈಯಲು ಹೊರಟ ಕುರಿ ಹೇಗೆ ಗೊತ್ತಾಗುತ್ತೆ ಅಂತೀರಾ? ಮಂದೆ ಬಿಟ್ಟು ಗೋಡೆ ಮೂಲೆಗೆ ಒಂಟಿಯಾಗಿ ಹೋಗುತ್ತದೆ. ಗೊರಸಿನಿಂದ ನೆಲ ಕೆರೆಯುತ್ತದೆ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗಿ ಮೂತಿ ಆಕಾಶಕ್ಕೆತ್ತುತ್ತದೆ. ಮೊದಲು ನೀರುಚೀಲ, ಆಮೇಲೆ ಎರಡು ಮುಂಗಾಲು, ಅವುಗಳ ಮೇಲೆ ಮೂಗು. ಈ ಕ್ರಮದಲ್ಲಿ ಬಂದರೆ ಯಾರ ಸಹಾಯವೂ ಬೇಡ. “ಕೈ ಕಟ್ಟಿಕೊಂಡು ದೂರ ನಿಲ್ಲೋದೇ ಇಲ್ಲಿ ಕಷ್ಟದ ಕೆಲಸ” ಅಂದರು ಯಜಮಾನಿ. ಕಾಲು ಮಡಚಿಕೊಂಡೋ ಹಿಂಭಾಗ ಮುಂದಾಗಿಯೋ ಬಂದರೆ ಮಾತ್ರ ತೋಳು ತೊಳೆದು ಕೈ ಹಾಕುತ್ತಾರೆ.

ಮರಿ ಬಿದ್ದ ಮೇಲೆ ತಾಯಿ ನೆಕ್ಕುತ್ತಾ ಗಂಟಲಲ್ಲೇ ಒಂದು ಸಣ್ಣ ದನಿ ಮಾಡುತ್ತದೆ. ಮಿಕ್ಕ ಹೊತ್ತಿನ ‘ಬ್ಯಾ’ ಅಲ್ಲ ಅದು. ಮಗುವಿನ ಜೊತೆ ನಾವು ಗುಸುಗುಸು ಮಾತಾಡುತ್ತೇವಲ್ಲ, ಹಾಗೆ. ಅರ್ಧ ಗಂಟೆಯೊಳಗೆ ಮರಿ ತಡವರಿಸಿ ಎದ್ದು ಕೆಚ್ಚಲು ಹುಡುಕುತ್ತದೆ. ಯಜಮಾನಿ ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಮೊಲೆತೊಟ್ಟು ಒಮ್ಮೆ ಹಿಂಡಿ ಹಾಲು ಬರುತ್ತದೆಯೇ ನೋಡಿ, ತಾಯಿಗೂ ಮರಿಗೂ ಒಂದೇ ನಂಬರು ಬರೆದು ಮುಂದೆ ಹೋಗುತ್ತಿದ್ದರು. ಲೆಕ್ಕ ತಪ್ಪುವ ಹಾಗಿಲ್ಲ. ಆ ಸೀಮೆಯಲ್ಲಿ ಕುರಿ ಎಣಿಸಲು ಹಿಂದೆ ಬೇರೆಯದೇ ಸಂಖ್ಯೆಗಳಿದ್ದವಂತೆ, ‘ಯಾನ್, ಟ್ಯಾನ್, ಟೆದರ’ ಅಂತ.

ಮಧ್ಯಾಹ್ನಕ್ಕೆ ಒಂದು ಸುತ್ತು, ಸಂಜೆಗೆ ಒಂದು, ಮಲಗುವ ಮುಂಚೆ ಬ್ಯಾಟರಿ ಹಿಡಿದು ಇನ್ನೊಂದು. ನಡುವೆ ತಬ್ಬಲಿ ಮರಿಗಳಿಗೆ ಸೀಸೆ ಹಾಲು, ದಿನಕ್ಕೆ ನಾಲ್ಕು ಸಲ. ನಾನು ಅಡಿಗೆಮನೆ ವಹಿಸಿಕೊಂಡೆ. ಅವರ ಹಿತ್ತಿಲಲ್ಲಿ ರೂಬಾರ್ಬ್ ಅಂತ ಕೆಂಪು ದಂಟು ಬೆಳೆದಿತ್ತು, ಹುಣಿಸೆಯಷ್ಟೇ ಹುಳಿ. ಹೆಚ್ಚಿ, ಬೆಲ್ಲ, ಉಪ್ಪು, ಖಾರ ಹಾಕಿ ಕುದಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದೆ. ಮನೆಮಂದಿ ಬ್ರೆಡ್ಡಿಗೆ ಹಚ್ಚಿಕೊಂಡು ಖಾಲಿ ಮಾಡಿದರು! (ದಂಟು ಮಾತ್ರ ತಿನ್ನಬೇಕು, ಎಲೆ ವಿಷ.) ನಾನು ಹೊದ್ದಿದ್ದ ಚಳ್ಳಕೆರೆ ಕಂಬಳಿಯನ್ನು ಯಜಮಾನಿ ಬೆರಳಲ್ಲಿ ಉಜ್ಜಿ ನೋಡಿ, “ನಮ್ಮ ಉಣ್ಣೆಯ ಹಾಗೇ ಒರಟು” ಅಂತ ಖುಷಿಪಟ್ಟರು. ಆಮೇಲೆ ನಿಟ್ಟುಸಿರಿಟ್ಟು, ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂದರು. ನಮ್ಮ ಕಡೆ ಕುರಿಗಾರರೂ ಹೇಳೋದು ಅದನ್ನೇ ಅಲ್ಲವೇ?

ಆ ರಾತ್ರಿಯ ಹಾಲು

ಮೂರನೆಯ ರಾತ್ರಿ ಮಳೆ ಹಿಮ ಎರಡೂ ಬೆರೆತು ಸುರಿಯಿತು. ಹನ್ನೊಂದು ಗಂಟೆಗೆ ಯಜಮಾನಿ ಕೋಟಿನೊಳಗೆ ಏನನ್ನೋ ಅವುಚಿಕೊಂಡು ಬಂದರು. ಕಪ್ಪು ಮರಿ. ಕತ್ತು ಜೋಲುಬಿದ್ದಿತ್ತು, ಬಾಯಿಗೆ ಬೆರಳಿಟ್ಟರೆ ಮಂಜುಗಡ್ಡೆ. ಅವಳಿಯಲ್ಲಿ ಎರಡನೆಯದು. ತಾಯಿ ಮೊದಲನೆಯದನ್ನು ನೆಕ್ಕುತ್ತಾ ಇದನ್ನು ಗಮನಿಸಿರಲಿಲ್ಲ.

“ಹಾಲು ಕಾಯಿಸಲೇ?” ಅಂದೆ. “ಈಗಲ್ಲ” ಅಂದರು. ಅರೆಪ್ರಜ್ಞೆಯಲ್ಲಿರುವ ಮರಿಗೆ ಹಾಲು ಹೊಯ್ದರೆ ಶ್ವಾಸಕ್ಕೆ ಹೋಗಿ ಸಾಯುತ್ತದಂತೆ. ಟವೆಲಿನಲ್ಲಿ ಉಜ್ಜಿ ಒಣಗಿಸಿ, ಥರ್ಮಾಮೀಟರ್ ಇಟ್ಟು ನೋಡಿದರು. ಕುರಿಮರಿಯ ಮೈ 39 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ಇದರದ್ದು 36 ಕೂಡ ಇರಲಿಲ್ಲ. ಒಲೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ನನ್ನನ್ನು ಕಾವಲಿಟ್ಟು, ತಾವು ಮತ್ತೆ ಮಳೆಯಲ್ಲಿ ಹೋಗಿ ತಾಯಿಕುರಿಯ ಹಾಲು ಹಿಂಡಿಕೊಂಡು ಬಂದರು. ಗಟ್ಟಿ, ಹಳದಿ ಹಾಲು. ನೋಡಿದ ಕೂಡಲೆ ನನ್ನ ಬಾಯಿಂದ ಬಂತು: “ಗಿಣ್ಣು!”

ಮರಿ ತಲೆಯೆತ್ತುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು. ಸೀಸೆ ನನ್ನ ಕೈಗೆ ಕೊಟ್ಟರು. “ಒಂದು ಕಿಲೋ ತೂಕಕ್ಕೆ ಐವತ್ತು ಮಿಲಿ. ಇದು ನಾಲ್ಕು ಕಿಲೋ ಇದೆ, ಇನ್ನೂರು ಕುಡಿಸಿ. ಒಂದು ತೊಟ್ಟೂ ಚೆಲ್ಲಬೇಡಿ, ಚಿನ್ನ ಅದು” ಅಂದರು. ಕುರಿಯ ಹೊಟ್ಟೆಯಲ್ಲಿದ್ದಾಗ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಬರುವುದೇ ಇಲ್ಲವಂತೆ. ಎಲ್ಲ ಈ ಮೊದಲ ಹಾಲಿನಲ್ಲೇ ಬರಬೇಕು. ಅದೂ ಮೊದಲ ಕೆಲವು ಗಂಟೆಯಲ್ಲೇ. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಅವರು ಹಾಲು ಹೆಚ್ಚಿದ್ದ ಕುರಿಯ ಗಿಣ್ಣನ್ನು ಹಿಂಡಿ ಫ್ರೀಜರಿನಲ್ಲಿ ಇಟ್ಟಿದ್ದರು, ತಬ್ಬಲಿಗಳಿಗೆ ಅಂತ.

ಮರಿ ಸೀಸೆ ಚೀಪತೊಡಗಿತು. ಬಾಲ ಅಲ್ಲಾಡಿತು. ನನಗೆ ಕಣ್ಣು ಮಂಜಾಯಿತು.

ಯಾಕೆ ಅಂತ ಹೇಳುತ್ತೇನೆ. ಮೂವತ್ತೊಂದು ವರ್ಷದ ಹಿಂದೆ ಇದೇ ಮಗಳು ಹುಟ್ಟಿದಾಗ, ನನ್ನ ಎದೆಯ ಇಂಥದೇ ಹಳದಿ ಹಾಲನ್ನು ಮೂರು ದಿನ ಹಿಂಡಿ ಚೆಲ್ಲಿಸಿದರು. “ಕೆಟ್ಟ ಹಾಲು, ಕೂಸಿಗೆ ಅರಗೋಲ್ಲ” ಅಂದರು ನಮ್ಮತ್ತೆಯವರು. ಮಗುವಿಗೆ ಹತ್ತಿಯಲ್ಲಿ ಅದ್ದಿ ಸಕ್ಕರೆ ನೀರು, ಬೆರಳಲ್ಲಿ ಜೇನುತುಪ್ಪ. ಆರನೆಯ ದಿನ ಬೇಧಿ ಹಿಡಿಯಿತು. ಎಂಟು ದಿನ ಆಸ್ಪತ್ರೆಯಲ್ಲಿ, ಆ ಎಳೆಯ ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಉಳಿಯಿತು, ನಮ್ಮ ಪುಣ್ಯ. ಅತ್ತೆ ಕೆಟ್ಟವರಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಎಂಟು ದಿನವೂ ಒಪ್ಪೊತ್ತು ಉಂಡು ಕೂತಿದ್ದರು. ಅವರಿಗೆ ಅವರತ್ತೆ ಹೇಳಿದ್ದನ್ನು ಅವರು ನನಗೆ ಮಾಡಿಸಿದರು, ಅಷ್ಟೆ. ಆದರೆ ಅದೇ ತಿಂಗಳು ನಮ್ಮ ಹಿತ್ತಿಲ ಹಸು ಈದಿತ್ತು. ಆಗ ಅತ್ತೆ ಏನು ಮಾಡಿದರು ಗೊತ್ತೇ? “ಮೊದಲು ಕರು ಕುಡಿಯಲಿ, ಆಮೇಲೆ ಗಿಣ್ಣಿಗೆ ಕರೆಯಿರಿ” ಅಂತ ತಾವೇ ಕರುವನ್ನು ಕೆಚ್ಚಲಿಗೆ ಹಿಡಿದರು! ಕರುವಿಗೆ ಗೊತ್ತಿದ್ದ ನ್ಯಾಯ ಕೂಸಿಗೆ ತಪ್ಪಿಹೋಯಿತಲ್ಲ ಅಂತ ಆ ರಾತ್ರಿ ಒಲೆಯ ಮುಂದೆ ಕೂತು ಮೊದಲ ಸಲ ಹೊಳೆಯಿತು.

ಇನ್ನೂ ನಾಚಿಕೆಯ ಮಾತು ಹೇಳಲೇ? ನನ್ನ ಪೆಟ್ಟಿಗೆಯಲ್ಲಿ ಊರಿನಿಂದ ಕಟ್ಟಿ ತಂದ ಜೇನಿನ ಸೀಸೆ ಇತ್ತು. ಹುಟ್ಟುವ ಮೊಮ್ಮಗುವಿಗೆ ನೆಕ್ಕಿಸಲು.

ಸತ್ತ ಮರಿಯ ಅಂಗಿ

ಬೆಳಿಗ್ಗೆ ನಮ್ಮ ಮರಿ ಪೆಟ್ಟಿಗೆ ಹಾರಿ ಅಡಿಗೆಮನೆಯಲ್ಲೆಲ್ಲ ಓಡಾಡುತ್ತಿತ್ತು. ಆದರೆ ಅದರ ತಾಯಿ ಮೂಸಿ ನೋಡಿ ಹಾಯ್ದು ತಳ್ಳಿತು. ಅದಕ್ಕೆ ಒಂದೇ ಮರಿ ಲೆಕ್ಕ. ಅದೇ ರಾತ್ರಿ ಇನ್ನೊಂದು ಕುರಿಯ ಮರಿ ಚಳಿಗೆ ಸತ್ತಿತ್ತು. ಬಿದ್ದ ಮರಿಯ ಕಣ್ಣಿಗೆ ಬರುವ ಕಾಗೆಗಳನ್ನು ಓಡಿಸುತ್ತಾ ಆ ತಾಯಿ ಅದರ ಪಕ್ಕದಲ್ಲೇ ನಿಂತಿತ್ತು.

ಯಜಮಾನಿಯ ಗಂಡ ಸತ್ತ ಮರಿಯ ಚರ್ಮ ಬಿಡಿಸಿ, ನಾಲ್ಕು ಕಾಲಿಗೂ ತೂತು ಬಿಟ್ಟು, ನಮ್ಮ ಮರಿಗೆ ಅಂಗಿಯ ಹಾಗೆ ತೊಡಿಸಿದರು. ನಾನು ಮುಖ ತಿರುಗಿಸಿಕೊಂಡೆ. ಆಮೇಲೆ ನೋಡುತ್ತೇನೆ, ಆ ತಾಯಿ ಬಾಲದ ಹತ್ತಿರ ಮೂಸಿತು, ಮತ್ತೆ ಮೂಸಿತು, ಆ ಗಂಟಲೊಳಗಿನ ದನಿ ಹೊರಡಿಸಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಎರಡು ಮೂರು ದಿನಕ್ಕೆ ತನ್ನ ಹಾಲಿನ ವಾಸನೆ ಮರಿಗೆ ಹತ್ತಿದ ಮೇಲೆ ಅಂಗಿ ತೆಗೆಯುತ್ತಾರೆ. ನಮ್ಮಲ್ಲೂ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುವುದುಂಟು. ಅದು ನಾವು ಹಾಲು ಕರೆಯೋಕೆ. ಇಲ್ಲಿ ಒಂದು ತಬ್ಬಲಿಗೆ ತಾಯಿ ಸಿಕ್ಕಿತು.

“ಇಷ್ಟೆಲ್ಲ ಮಾಡಿ ಬದುಕಿಸಿ ಆಮೇಲೆ ಕಟುಕರಿಗೆ ಮಾರುತ್ತೀರಲ್ಲ?” ಅಂತ ತಡೆಯಲಾರದೆ ಕೇಳಿದೆ. ನಾನು ಸಸ್ಯಾಹಾರಿ, ಕೇಳಬಾರದಿತ್ತೇನೋ. ಅವರು ಬೇಸರಿಸಲಿಲ್ಲ. “ಗಂಡುಮರಿ ಬಹಳಷ್ಟು ಮಾರುತ್ತೇವೆ. ನಮ್ಮ ಅನ್ನ ಅದೇ. ಆದರೆ ಇರುವಷ್ಟು ದಿನ ಚಳಿ ಹಸಿವಿನಿಂದ ಸಾಯಬಾರದು. ಅದು ನಾವು ಸಲ್ಲಿಸಬೇಕಾದ ಋಣ” ಅಂದರು. ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಆದರೂ ಆ ಕೈಗಳ ಒಡಕು ನೋಡಿದ ಮೇಲೆ ಎದುರು ಮಾತಾಡಲಾಗಲಿಲ್ಲ.

ಹೆಣ್ಣುಮರಿಯ ತವರು

ಹೆಣ್ಣುಮರಿಗಳ ವಿಷಯ ಬೇರೆ. ಮೇಲಿನ ಬೆಟ್ಟಕ್ಕೆ ಬೇಲಿಯಿಲ್ಲ. ಆದರೂ ಒಬ್ಬರ ಕುರಿ ಇನ್ನೊಬ್ಬರ ಕಡೆ ಹೋಗಿ ನೆಲೆಸುವುದಿಲ್ಲ. ಹೆಣ್ಣುಮರಿ ತಾಯಿಯ ಹಿಂದೆ ಬೆಟ್ಟ ಹತ್ತಿ, ಎಲ್ಲಿ ಹುಲ್ಲು, ಎಲ್ಲಿ ನೀರು, ಗಾಳಿ ಬಂದರೆ ಯಾವ ಬಂಡೆಯ ಮರೆ ಅಂತ ಕಲಿಯುತ್ತದೆ. ಅದು ತನ್ನ ಮಗಳಿಗೆ ಕಲಿಸುತ್ತದೆ. ಹೀಗೆ ನೆಲಕ್ಕೆ ಒಗ್ಗಿಕೊಳ್ಳುವುದನ್ನು ಅವರು ‘ಹೆಫ್ಟ್’ ಅನ್ನುತ್ತಾರೆ. ಜಮೀನು ಮಾರಿದರೆ ಆ ಕುರಿಗಳೂ ಜಮೀನಿನ ಜೊತೆಗೇ ಹೋಗುವುದುಂಟು. ಮಕ್ಕಳ ಕಥೆ ಬರೆದು ಪ್ರಸಿದ್ಧರಾದ ಬಿಯಾಟ್ರಿಕ್ಸ್ ಪಾಟರ್ ಇದೇ ಸೀಮೆಯಲ್ಲಿ ಜಮೀನು ಕೊಂಡು, ಹರ್ಡ್‌ವಿಕ್ ಕುರಿ ಸಾಕಿ, 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲವನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ಅಲ್ಲಿ ಹರ್ಡ್‌ವಿಕ್ ತಳಿಯೇ ಉಳಿಯಬೇಕೆಂಬುದು ಅವರ ಆಸೆ.

2001ರಲ್ಲಿ ಕಾಲುಬಾಯಿ ರೋಗ ಬಂದು ಬ್ರಿಟನ್ನಿನಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ದನ ಕುರಿ ಹಂದಿಗಳನ್ನು ಕೊಂದರು. ಕಂಬ್ರಿಯಾಕ್ಕೇ ಹೆಚ್ಚು ಪೆಟ್ಟು. ಚಳಿಗಾಲ ಕಳೆಯಲು ತಗ್ಗಿನ ಊರಿಗೆ ಮೇಯಲು ಕಳಿಸಿದ್ದ ಇವರ ಎಳೆಯ ಕುರಿಗಳೆಲ್ಲ ಹೋದವು. “ಕುರಿ ಕೊಳ್ಳಬಹುದು. ಆದರೆ ಬೆಟ್ಟ ತೋರಿಸುವ ತಾಯಂದಿರನ್ನು ಎಲ್ಲಿಂದ ಕೊಳ್ಳೋಣ? ಪುಣ್ಯಕ್ಕೆ ಹಳೆಯ ಕುರಿಗಳು ಉಳಿದಿದ್ದವು” ಅಂದರು ಯಜಮಾನಿ.

ಐದನೆಯ ದಿನ ತಲೆಗೆ ಎರೆದುಕೊಂಡು, ಬೂಟು ಮೇಲಂಗಿ ಅಲ್ಲೇ ಬಿಟ್ಟು, ಒಗೆದ ಬಟ್ಟೆಯುಟ್ಟು ಹೊರಟೆ. ದಾರಿಯುದ್ದಕ್ಕೂ ಅವರ ಮಾತೇ ತಲೆಯಲ್ಲಿ. ನಾನು ನನ್ನ ಮಗಳಿಗೆ ತೋರಿಸಿಕೊಡೋದು ಯಾವುದನ್ನು? ಎಣ್ಣೆ ನೀವೋದು, ಬೆಳ್ಳುಳ್ಳಿ ಮೆಣಸಿನ ಸಾರು, ಬಾಣಂತಿಯನ್ನು ಬೆಚ್ಚಗೆ ಮಲಗಿಸಿ ಮನೆಗೆಲಸ ತಾನು ಮಾಡೋದು, ಇವೆಲ್ಲ ನನ್ನಮ್ಮನಿಂದ ಬಂದದ್ದು. ಇವು ಅವಳಿಗೆ ಬೇಕು. ಜೇನಿನ ಸೀಸೆ?

ಮೇ ತಿಂಗಳಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಒಂದು ಗಂಟೆಯೊಳಗೆ ಎದೆಗೆ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳೋದೂ ಅದೇ: ಮೊದಲ ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಬರೀ ಎದೆಹಾಲು, ನೀರೂ ಬೇಡ. ನಮ್ಮ ಕೂಸುಗಳಿಗೆ ಹೊಟ್ಟೆಯಲ್ಲಿದ್ದಾಗಲೇ ತಾಯಿಯ ಶಕ್ತಿ ಒಂದಷ್ಟು ಬಂದಿರುತ್ತದೆ, ನಿಜ. ಹಾಗಂತ ಹಳದಿ ಹಾಲನ್ನು ಚೆಲ್ಲಬಹುದೇ? ಜೇನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು, ಅದರಲ್ಲಿ ಎಳೆಮಕ್ಕಳಿಗೆ ಅಪಾಯ ತರುವ ರೋಗಾಣು ಇರಬಹುದು.

“ಅಮ್ಮಾ, ಹಾಲು ಹಳದಿಯಾಗಿದೆ, ಸ್ವಲ್ಪವೇ ಬರ್ತಿದೆ. ಸಾಕಾಗುತ್ತಾ?” ಅಂದಳು ಮಗಳು, ಗಾಬರಿಯಿಂದ.

“ಅಷ್ಟೇ ಸಾಕು ಕಣೇ, ಒಂದು ತೊಟ್ಟೂ ಚೆಲ್ಲಬೇಡ” ಅಂದೆ.

ಜೇನಿನ ಸೀಸೆ ಏನಾಯಿತು ಅಂತೀರಾ? ಅಳಿಯಂದಿರೂ ನಾನೂ ಬ್ರೆಡ್ಡಿಗೆ ಹಚ್ಚಿಕೊಂಡು ಮುಗಿಸಿದೆವು.

ನಿಮ್ಮ ಮನೆಯ ಹಸು ಈದಾಗ ಗಿಣ್ಣು ಮಾಡಿ, ಏಲಕ್ಕಿ ಬೆಲ್ಲ ಹಾಕಿ ಚೆನ್ನಾಗಿ ಮಾಡಿ. ಕರು ಕುಡಿದ ಮೇಲೆ. ಮಗಳು ಹೆತ್ತಾಗಲೂ ಆ ಕರುವನ್ನೊಮ್ಮೆ ನೆನಪು ಮಾಡಿಕೊಳ್ಳಿ.